೧೩೨ನೆಯ ಬಂಡಿ: ಅಂತ್ಯಯಾತ್ರೆಯ ಒಂದು ವಾಹನದ ಚರಿತ್ರೆ

ನಮ್ಮ ನಾಡಿನಲ್ಲಿ ಮೃತರನ್ನು ಒಯ್ಯುವ ವಾಹನಕ್ಕೆ ಆಯುಷ್ಯವಿಲ್ಲ. ಬಿದಿರನ್ನು ಸೀಳಿ ಹಗ್ಗದಿಂದ ಬಿಗಿದ ಚಟ್ಟವು ಮನೆಯಂಗಳದಲ್ಲಿ ಎರಡು ಗಳಿಗೆಯಲ್ಲಿ ಸಿದ್ಧವಾಗಿ, ನಾಲ್ವರ ಹೆಗಲೇರಿ, ಸ್ಮಶಾನದಲ್ಲಿಯೇ ಮುಗಿದುಹೋಗುತ್ತದೆ. ಲಿಂಗವಂತರಲ್ಲಿ ಮೃತರನ್ನು ಕುಳ್ಳಿರಿಸಿ ಒಯ್ಯುವ ಹೂವಿನ ವಿಮಾನಕ್ಕೂ ಸಾಮಾನ್ಯವಾಗಿ ಅದೇ ಗತಿ. ಇಂತಹ ಸಂಪ್ರದಾಯದಲ್ಲಿ ಬೆಳೆದ ನಮಗೆ, ಹಳೆಯ ಶವವಾಹನಗಳನ್ನು ಹುಡುಕಿ ತಂದು, ತುಕ್ಕು ತೆಗೆದು, ಬಣ್ಣ ಬಳಿದು ಕಾಪಾಡುವವರೂ ಲೋಕದಲ್ಲಿ ಉಂಟೆಂದರೆ ಅದು ಅಪಶಕುನದ ಹವ್ಯಾಸವೆಂದೇ ತೋರೀತು. ಈ ಲೇಖಕನಿಗೂ ಮೊದಲು ಹಾಗೆಯೇ ತೋರಿತ್ತು. ಅಂತಹ ಒಂದು ಬಂಡಿಯ ವೃತ್ತಾಂತವನ್ನು ತಿಳಿದ ಮೇಲೆ ಆ ಅಭಿಪ್ರಾಯವು ಬದಲಾಯಿತು.

ಪಾಶ್ಚಾತ್ಯ ದೇಶಗಳಲ್ಲಿ ಶವವಾಹನವು ಒಂದು ದಿನದ ವಸ್ತುವಾಗಿರಲಿಲ್ಲ. ಕರಿಯ ಕುದುರೆಗಳು ಎಳೆಯುವ, ಗಾಜಿನ ಗೋಡೆಗಳುಳ್ಳ, ಕೆತ್ತನೆಯಿಂದ ಕೂಡಿದ ಸಾರೋಟುಗಳು ಊರಿನ ಅಂತ್ಯಕ್ರಿಯೆಗಳಿಗೆಲ್ಲ ತಲೆಮಾರುಗಟ್ಟಲೆ ದುಡಿಯುತ್ತಿದ್ದವು. ೧೯೦೯ರ ಸುಮಾರಿಗೆ ಅಮೆರಿಕದಲ್ಲಿ ಮೋಟಾರು ಶವವಾಹನವು ಬೀದಿಗೆ ಬಂದಿತು. ತರುವಾಯ ಪ್ಯಾಕಾರ್ಡ್, ಕ್ಯಾಡಿಲಾಕ್ ಮುಂತಾದ ಬೆಲೆಯುಳ್ಳ ಮೋಟಾರುಗಳ ಅಡಿಗಟ್ಟಿನ ಮೇಲೆ ಇವುಗಳನ್ನು ಕಟ್ಟುವುದೇ ಒಂದು ಪ್ರತ್ಯೇಕ ಉದ್ಯಮವಾಯಿತು. ಸ್ಪೇನಿನ ಬಾರ್ಸಿಲೋನಾದ ಮೊಂಜುಯಿಕ್ ರುದ್ರಭೂಮಿಯಲ್ಲಿಯೂ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ೧೯೯೨ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯದಲ್ಲಿಯೂ ಇವುಗಳ ದೊಡ್ಡ ಸಂಗ್ರಹಗಳಿವೆ. ಅವುಗಳ ವೈಭವದ ವಿಚಾರ ಇಷ್ಟು ಸಾಕು. ನಾನು ಹೇಳಹೊರಟಿರುವುದು ವೈಭವವೇನೂ ಇಲ್ಲದ, ನಾಲ್ಕು ಗಾಲಿಯ, ಹಲಗೆಯ ಮೈಯ ಒಂದು ರೈಲುಬಂಡಿಯ ಸಂಗತಿ.

ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಸೌತ್ ಈಸ್ಟರ್ನ್ ಅಂಡ್ ಚಾಥಮ್ ಎಂಬ ರೈಲ್ವೆಯಿತ್ತು. ಪಾರ್ಸೆಲುಗಳನ್ನೂ ಸಾಮಾನು ಸರಂಜಾಮುಗಳನ್ನೂ ಸಾಗಿಸಲು ಅದು ೧೯೧೯ರಲ್ಲಿ ಹೊಸ ಮಾದರಿಯ ಬಂಡಿಯೊಂದನ್ನು ಕಟ್ಟಿತು. ಅದರ ಸಂಖ್ಯೆ ೧೩೨. ಆ ವರ್ಷದ ಮೇ ತಿಂಗಳಲ್ಲಿ ಅದಕ್ಕೆ ಬಂದ ಕೆಲಸ ಪಾರ್ಸೆಲಿನದಲ್ಲ. ಎಡಿತ್ ಕ್ಯಾವೆಲ್ ಎಂಬ ದಾದಿಯು ಬ್ರಸೆಲ್ಸಿನಲ್ಲಿದ್ದು, ಮಿತ್ರಪಕ್ಷದ ಸುಮಾರು ಇನ್ನೂರು ಸೈನಿಕರು ತಪ್ಪಿಸಿಕೊಳ್ಳಲು ನೆರವಾದಳೆಂದು ಜರ್ಮನರು ಆಕೆಯನ್ನು ೧೯೧೫ರ ಅಕ್ಟೋಬರ್ ೧೨ರಂದು ಗುಂಡಿಟ್ಟು ಕೊಂದಿದ್ದರು. ಯುದ್ಧ ಮುಗಿದ ಮೇಲೆ ಆಕೆಯ ದೇಹವನ್ನು ಸ್ವದೇಶಕ್ಕೆ ತಂದಾಗ, ಡೋವರ್ ಬಂದರಿನಿಂದ ಲಂಡನ್ನಿಗೆ ಒಯ್ದದ್ದು ಇದೇ ಬಂಡಿ. ಅದೇ ಜುಲೈಯಲ್ಲಿ, ಶತ್ರುವಿನ ಜಲಾಂತರ್ನೌಕೆಯ ಮೇಲೆ ತನ್ನ ಹಡಗನ್ನು ಹಾಯಿಸಲು ಯತ್ನಿಸಿದ ಕಾರಣಕ್ಕಾಗಿ ೧೯೧೬ರಲ್ಲಿ ಮರಣದಂಡನೆಗೆ ಗುರಿಯಾದ ನಾವಿಕ ಚಾರ್ಲ್ಸ್ ಫ್ರಯಟ್ಟನ ದೇಹವೂ ಇದರಲ್ಲಿಯೇ ಬಂದಿತು. ಕ್ಯಾವೆಲಳ ನೆನಪು ರೈಲು ನೌಕರರಲ್ಲಿ ಎಷ್ಟು ಬೇರೂರಿತೆಂದರೆ, ಮುಂದೆ ಆ ಮಾದರಿಯ ಪಾರ್ಸೆಲು ಬಂಡಿಗಳನ್ನೆಲ್ಲ ಅವರು ‘ಕ್ಯಾವೆಲ್ ಬಂಡಿ’ ಎಂದೇ ಕರೆದರು.

ಮೂರನೆಯ ಯಾತ್ರೆಯೇ ಎಲ್ಲಕ್ಕಿಂತ ಮಿಗಿಲಾದುದು. ಯುದ್ಧದಲ್ಲಿ ಮಡಿದ ಸೈನಿಕರ ದೇಹಗಳನ್ನು ಊರಿಗೆ ತರಕೂಡದೆಂದು ಬ್ರಿಟಿಷ್ ಸರ್ಕಾರವು ನಿರ್ಬಂಧಿಸಿತ್ತು. ಬಿದ್ದವರು ಬಿದ್ದ ನೆಲದಲ್ಲಿಯೇ ಮಣ್ಣಾಗಬೇಕು. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಇದರಲ್ಲಿ ಭೇದವಿರಲಿಲ್ಲ. ಹೀಗಾಗಿ ಲಕ್ಷಾಂತರ ಮನೆಗಳಲ್ಲಿ ಮರಣವಾರ್ತೆ ಬಂದಿತೇ ಹೊರತು ಮರಣಯಾತ್ರೆ ಹೊರಡಲಿಲ್ಲ. ನಮ್ಮವರೂ ಇದಕ್ಕೆ ಹೊರತಾಗಿರಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳವು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆಲ್ಲುವಲ್ಲಿ ಪಾಲುಗೊಂಡಿತೆಂಬುದು ಕನ್ನಡಿಗರಿಗೆ ವಿದಿತವೇ ಇದೆ. ಪರದೇಶದಲ್ಲಿ ಮಡಿದ ಆ ಸವಾರರ ಮನೆಗಳಿಗೂ ದೇಹವು ಮರಳಿ ಬರಲಿಲ್ಲ. ಹೆಗಲು ಕೊಡುವ ಭಾಗ್ಯವೂ ಇಲ್ಲದ ಸೂತಕವೆಂದರೆ ಏನೆಂಬುದನ್ನು ನಮ್ಮ ಹಿರಿಯರನ್ನು ಕೇಳಬೇಕು.

ಈ ದುಃಖಕ್ಕೆ ಒಂದು ದಾರಿಯನ್ನು ಸೂಚಿಸಿದವನು ಡೇವಿಡ್ ರೈಲ್ಟನ್ ಎಂಬ ಸೈನ್ಯದ ಪಾದ್ರಿ. ಫ್ರಾನ್ಸಿನ ಒಂದು ತೋಟದಲ್ಲಿ, ಹೆಸರಿಲ್ಲದ ಬ್ರಿಟಿಷ್ ಯೋಧನೊಬ್ಬನ ಸಮಾಧಿಯ ಮೇಲೆ ನೆಟ್ಟ ಶಿಲುಬೆಯನ್ನು ಅವನು ೧೯೧೬ರಲ್ಲಿ ಕಂಡಿದ್ದನು. ಹೆಸರು ತಿಳಿಯದ ಒಬ್ಬನನ್ನು ತಂದು ರಾಜರ ನಡುವೆ ಹೂಳಿದರೆ, ಮಗನನ್ನು ಕಳೆದುಕೊಂಡ ಪ್ರತಿಯೊಬ್ಬ ತಾಯಿಯೂ ಅವನನ್ನು ತನ್ನ ಮಗನೆಂದೇ ಭಾವಿಸಬಹುದಲ್ಲವೇ! ೧೯೨೦ರ ನವೆಂಬರಿನಲ್ಲಿ ರಣಭೂಮಿಗಳಿಂದ ತಂದ ಕೆಲವು ಅಜ್ಞಾತ ದೇಹಗಳಲ್ಲಿ ಒಂದನ್ನು ಆರಿಸಲಾಯಿತು. ವರ್ಡನ್ ಎಂಬ ಯುದ್ಧನೌಕೆ ಅದನ್ನು ಡೋವರಿಗೆ ತಂದಿತು. ಅಲ್ಲಿ ಕಾಯುತ್ತಿದ್ದುದು ಮತ್ತೆ ೧೩೨ನೆಯ ಬಂಡಿಯೇ. ಸೇತುವೆಗಳ ಮೇಲೂ ದಿಬ್ಬಗಳ ಮೇಲೂ ನಿಂತ ಜನರು ಗುರುತಿಸಲೆಂದು ಅದರ ಚಾವಣಿಗೆ ಬಿಳಿಯ ಬಣ್ಣ ಬಳಿದಿದ್ದರು. ನವೆಂಬರ್ ೧೦ರ ಕತ್ತಲೆಯಲ್ಲಿ ದಾರಿಯುದ್ದಕ್ಕೂ ಜನರು ಮೌನವಾಗಿ ನಿಂತು ಅದನ್ನು ಬೀಳ್ಕೊಟ್ಟರು. ರಾತ್ರಿ ೮ ಗಂಟೆ ೩೨ ನಿಮಿಷಕ್ಕೆ ಅದು ವಿಕ್ಟೋರಿಯಾ ನಿಲ್ದಾಣವನ್ನು ಮುಟ್ಟಿತು. ಶವಪೆಟ್ಟಿಗೆಯು ಆ ರಾತ್ರಿಯೆಲ್ಲ ಬಂಡಿಯಲ್ಲಿಯೇ ಇದ್ದು, ಮರುದಿನ ಆರು ಕರಿಯ ಕುದುರೆಗಳು ಎಳೆಯುವ ಫಿರಂಗಿ ಗಾಡಿಯನ್ನೇರಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಹೋಯಿತು.

ಬಂಡಿ ಏನಾಯಿತು? ಅದು ಮರಳಿ ಪಾರ್ಸೆಲು ಹೊರಲು ಹೋಯಿತು! ದಶಕಗಳವರೆಗೆ ಪೆಟ್ಟಿಗೆ, ಬುಟ್ಟಿ, ಮೂಟೆಗಳನ್ನು ಹೊತ್ತು ಮುಪ್ಪಾಯಿತು. ಅದರ ಜೊತೆಯ ಬಂಡಿಗಳಂತೆ ಅದೂ ಸೌದೆಯಾಗಿಯೋ ಹಳೆಯ ಕಬ್ಬಿಣವಾಗಿಯೋ ಹೋಗಬೇಕಾದದ್ದು ನ್ಯಾಯವೇ ಆಗಿತ್ತು. ಉಳಿಸಿದ್ದು ಒಂದು ಸಂಖ್ಯೆ. ೧೩೨ ಎಂದರೆ ಯಾವುದೆಂದು ಬಲ್ಲ ಕೆಲವರು ರೈಲಿನ ಅಭಿಮಾನಿಗಳಲ್ಲಿದ್ದರು. ಕಡೆಗೆ ಅದು ಕೆಂಟ್ ಅಂಡ್ ಈಸ್ಟ್ ಸಸೆಕ್ಸ್ ರೈಲ್ವೆಯ ಆಶ್ರಯಕ್ಕೆ ಬಂದಿತು. ಈ ರೈಲ್ವೆಯೂ ಸತ್ತು ಬದುಕಿದ್ದೇ: ೧೯೫೪ರಲ್ಲಿ ಪ್ರಯಾಣಿಕರ ಗಾಡಿ ನಿಂತುಹೋದ ಹಾದಿಯನ್ನು ಸ್ವಯಂಸೇವಕರು ೧೯೭೪ರಲ್ಲಿ ಪುನಃ ತೆರೆದು ನಡೆಸುತ್ತಿದ್ದಾರೆ. ಸಾರ್ವಜನಿಕರ ವಂತಿಗೆಯಿಂದ ಬಂಡಿಯನ್ನು ದುರಸ್ತಿ ಮಾಡಿ, ಅಜ್ಞಾತ ಯೋಧನ ಯಾತ್ರೆಗೆ ತೊಂಬತ್ತು ವರ್ಷ ತುಂಬಿದ ೨೦೧೦ರಲ್ಲಿ ಬಿಳಿಯ ಚಾವಣಿಯೊಡನೆಯೇ ಜನರ ಮುಂದಿರಿಸಿದರು.

ಹಳೆಯ ಹಲಗೆಯನ್ನು ಕಿತ್ತು ಹೊಸದನ್ನು ಜೋಡಿಸಿದರೆ ಅದು ಅದೇ ಬಂಡಿಯೇ ಎಂದು ಕೇಳುವವರುಂಟು. ನಮ್ಮ ದೇವರ ತೇರಿಗೆ ಅಚ್ಚು ಮುರಿದರೆ ಅಚ್ಚು, ಗಾಲಿ ಸವೆದರೆ ಗಾಲಿ ಎಂದು ಬಡಗಿಗಳು ಹೊಸದು ಮಾಡುತ್ತಲೇ ಬಂದಿದ್ದಾರೆ. ಆದರೂ ಅಜ್ಜ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಾನೆ. ಈ ಮಾತು ತೇರಿಗೆ ಒಪ್ಪುತ್ತದೆ, ಏಕೆಂದರೆ ಅದು ವರ್ಷವರ್ಷವೂ ಹೊರಡುವುದು. ಒಂದು ರಾತ್ರಿಯ ಸಾಕ್ಷಿಯಾಗಿ ಉಳಿದಿರುವ ಬಂಡಿಯಲ್ಲಿ ಮಾತ್ರ, ಆ ರಾತ್ರಿ ಇದ್ದ ಮರವನ್ನು ಸಾಧ್ಯವಾದಷ್ಟೂ ಉಳಿಸಬೇಕೆಂದು ನನ್ನ ಅಭಿಪ್ರಾಯ. ಸಾಕ್ಷಿಯ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗವುಂಟು. ಅಧ್ಯಕ್ಷ ಕೆನೆಡಿಯ ದೇಹವನ್ನು ೧೯೬೩ರಲ್ಲಿ ಒಯ್ದದ್ದೆಂದು ಹೇಳಿ ಒಂದು ಆಂಬುಲೆನ್ಸ್ ಮೋಟಾರನ್ನು ೨೦೧೧ರಲ್ಲಿ ೧,೨೦,೦೦೦ ಡಾಲರಿಗೆ ಹರಾಜು ಹಾಕಲಾಯಿತು. ನಿಜವಾದ ವಾಹನವನ್ನು ೧೯೮೬ರಲ್ಲಿಯೇ ಯಂತ್ರಕ್ಕೆ ಕೊಟ್ಟು ಪುಡಿಮಾಡಲಾಗಿತ್ತೆಂದು ಸಂಶೋಧಕರು ಆಕ್ಷೇಪವೆತ್ತಿದರು.

ವಿನ್‌ಸ್ಟನ್ ಚರ್ಚಿಲ್ಲರ ಬಂಡಿಯ ಪಾಡು ಇನ್ನೂ ವಿಚಿತ್ರ. ೧೯೬೫ರ ಜನವರಿ ೩೦ರಂದು ಅವರ ದೇಹವನ್ನು ಲಂಡನ್ನಿನಿಂದ ಹ್ಯಾಂಡ್‌ಬರೋ ನಿಲ್ದಾಣಕ್ಕೆ ಒಯ್ದ ೧೯೩೧ರ ಸಾಮಾನು ಬಂಡಿಯು ಅದೇ ವರ್ಷ ಕ್ಯಾಲಿಫೋರ್ನಿಯಾಕ್ಕೆ ಮಾರಿಹೋಗಿ, ಒಂದು ಗಾಲ್ಫ್ ಮೈದಾನದಲ್ಲಿ ಬಿದ್ದಿತ್ತು. ೨೦೦೭ರಲ್ಲಿ ಅದನ್ನು ಮರಳಿ ತಂದರು. ೨೦೧೫ರಲ್ಲಿ, ಅಂದು ಅದನ್ನು ಎಳೆದಿದ್ದ ಎಂಜಿನ್ನಿನ ಪಕ್ಕದಲ್ಲಿ ಯಾರ್ಕ್ ನಗರದಲ್ಲಿ ನಿಲ್ಲಿಸಿದರು.

ಚಟ್ಟವನ್ನು ಉಳಿಸಿಕೊಳ್ಳದ ನಾವೂ ಒಮ್ಮೆ ಮಾತ್ರ ಸಂಪ್ರದಾಯವನ್ನು ಮೀರಿದೆವು. ೧೯೪೮ರ ಜನವರಿ ೩೧ರಂದು ಮಹಾತ್ಮರ ದೇಹವನ್ನು ಹೊತ್ತ ಸೈನ್ಯದ ಮೋಟಾರಿನ ಎಂಜಿನ್ನನ್ನು ಚಾಲನೆ ಮಾಡಲಿಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಇನ್ನೂರು ಮಂದಿ ಅದನ್ನು ಹಗ್ಗ ಹಿಡಿದು ಯಮುನೆಯವರೆಗೆ ಎಳೆದರು. ಫೆಬ್ರವರಿ ೧೨ರಂದು ಚಿತಾಭಸ್ಮದ ಒಂದು ಭಾಗವು ನಮ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಯನ್ನು ಸೇರಿತು. ಅದೇ ದಿನ ಪ್ರಯಾಗದಲ್ಲಿ ಭಸ್ಮಕಲಶವನ್ನು ತ್ರಿವೇಣಿಗೆ ಒಯ್ದ ೧೯೪೭ರ ಫೋರ್ಡ್ ಲಾರಿಯನ್ನು ಅಲಹಾಬಾದ್ ವಸ್ತುಸಂಗ್ರಹಾಲಯದವರು ಜೋಪಾನವಾಗಿ ಇರಿಸಿದ್ದಾರೆ. ಕಾಶೀಯಾತ್ರೆಗೆ ಹೋಗುವ ನಮ್ಮ ಗಡಿನಾಡಿನವರು ಪ್ರಯಾಗದಲ್ಲಿ ಇಳಿದಾಗ ಅದನ್ನು ನೋಡಿ ಬರಬಹುದು.