ಬೀಳ್ಕೊಡುಗೆ ಕಾಣದ ವೀರಗಲ್ಲುಗಳು

ಹೋಮರನ ‘ಇಲಿಯಡ್’ ಕಾವ್ಯದ 6ನೇ ಭಾಗದಲ್ಲಿ, ಟ್ರಾಯ್ ಕೋಟೆಯ ಬಾಗಿಲ ಬಳಿ ಯುದ್ಧಕ್ಕೆ ಹೊರಟ ಹೆಕ್ಟರ್ ಹೆಂಡತಿ ಆಂಡ್ರೊಮಕಿಯಿಂದ ಬೀಳ್ಕೊಳ್ಳುತ್ತಾನೆ. ಅಪ್ಪನ ಶಿರಸ್ತ್ರಾಣದ ತುರಾಯಿಗೆ ಬೆದರಿ ಕೂಸು ದಾದಿಯ ಎದೆಗೆ ಅವಿತುಕೊಳ್ಳುತ್ತದೆ. ಅವನು ಅದನ್ನು ಕಳಚಿ ನೆಲಕ್ಕಿಟ್ಟು ಮಗುವನ್ನು ಎತ್ತಿಕೊಳ್ಳುತ್ತಾನೆ. ಯುರೋಪಿನ ಎಷ್ಟೋ ಕಲಾವಿದರು ಈ ಪ್ರಸಂಗವನ್ನು ಚಿತ್ರಿಸಿದರು. ರಷ್ಯದ ಆಂಟನ್ ಲೊಸೆಂಕೊ ಬರೆದದ್ದು 1773ರಲ್ಲಿ.

ನಮ್ಮ ಶಿಲ್ಪಿಗಳು ಹಿಡಿದದ್ದು ಅದರ ನಂತರದ ಗಳಿಗೆಯನ್ನು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಹೆಂಡತಿ ಸಿಗುವುದು ಹೆಚ್ಚಾಗಿ ಸತಿಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಿ, ಬಳೆ ತೊಟ್ಟು ಮೇಲೆತ್ತಿದ ತೋಳಾಗಿ. ಬೀಳ್ಕೊಡುವ ನೋವು ಉಳಿದುಕೊಂಡದ್ದು ಕಾವ್ಯದಲ್ಲಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸುಧನ್ವ ರಣಕ್ಕೆ ಹೊರಟಾಗ ಪ್ರಭಾವತಿ ಅವನನ್ನು ತಡೆದು ಸಂತಾನ ಬೇಡುತ್ತಾಳೆ, ತಡವಾಗಿ ಬಂದ ತಪ್ಪಿಗೆ ತಂದೆ ಹಂಸಧ್ವಜ ಮಗನನ್ನು ಕಾದೆಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಯಕ್ಷಗಾನದಲ್ಲಿ ಈ ಪ್ರಸಂಗ ಇಂದಿಗೂ ಜೀವಂತ.

ವೀರಗಲ್ಲುಗಳ ಅಧ್ಯಯನವೂ ವೀರರ ಮನೆ, ಸಮಾಜದತ್ತ ತಿರುಗಿದ್ದು ತಡವಾಗಿ. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ತಂದಾಗ ಮುಖ್ಯವಾಗಿದ್ದವು ದೊರೆ, ವಂಶ, ಕಾಲ. 1966ರಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬಂತು. ಶಾಸನದಲ್ಲಿ ಸಮಾಜವನ್ನು ಓದುವ ದಾರಿ ತೆರೆಯಿತು. 1982 ಫಲವತ್ತಾದ ವರ್ಷ: ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’, ಷ. ಶೆಟ್ಟರ್ ಮತ್ತು ಜರ್ಮನಿಯ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥ, ಎರಡೂ ಅದೇ ವರ್ಷ ಪ್ರಕಟವಾದವು.

ಇವನ್ನು ಓದಿದ ಕಣ್ಣಿನಿಂದ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಬೇಗೂರು ಕಲ್ಲನ್ನು ನೋಡಬೇಕು. ಆನೆ, ಕುದುರೆ, ಬಿಲ್ಲಾಳುಗಳ ಆ ನೂಕುನುಗ್ಗಲಿನ ಜೊತೆಗೆ ಬರಹವೂ ಇದೆ: ತುಂಬೆಪಾಡಿಯ ಕಾಳಗದಲ್ಲಿ ನಾಯಕ ನಾಗತ್ತರ ಮಡಿದ ಮೇಲೆ ಗಂಗರ ಎರೆಯಪ್ಪ ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ. ನೆತ್ತರುಗೊಡಗೆ, ಬಾಳ್ಗಳ್ಚು ಎಂದೂ ವೀರರಿಗೆ, ಅವರ ಮನೆಯವರಿಗೆ ಕೊಡುವ ಇಂಥ ದತ್ತಿಗಳಿಗೆ ಹೆಸರಿತ್ತು. ಅಳುವವರ ಮುಖ ಕೆತ್ತದ ನಾಡು ಅವರ ಅನ್ನದ ದಾರಿಯನ್ನು ಬರೆದಿಟ್ಟಿತು.

ಬಾಯಿಬಿಟ್ಟು ಅಳುವ ಶಾಸನವೂ ಒಂದಿದೆ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಕಲ್ಲಿನಲ್ಲಿ, ಗಂಡನನ್ನು ಕಳೆದುಕೊಂಡ ದೇಕಬ್ಬೆ ಬೆಂಕಿಗೆ ಹೊರಟಾಗ ಹೆತ್ತವರು ಬೇಡವೆಂದು ಕಾಲಿಗೆ ಬೀಳುತ್ತಾರೆ. ಆಕೆ ನಿಲ್ಲುವುದಿಲ್ಲ. ಯುದ್ಧದ ಕಥೆಯಲ್ಲ ಅದು. ಆದರೂ ಆಂಡ್ರೊಮಕಿಯ ಪಕ್ಕದಲ್ಲಿ ನಾನು ಇಡುವುದು ಈಕೆಯನ್ನೇ.

ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದ ಮೇಲೆ ನಗರದ ಆಸಕ್ತರಲ್ಲಿ ಹೊಸ ಹುರುಪು ಮೂಡಿತು. ಮಿಥಿಕ್ ಸೊಸೈಟಿಯ ತಂಡ ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಮಾರತ್ತಹಳ್ಳಿ, ಕೆ.ಆರ್. ಪುರದ ಕಡೆ ಹಳೆಯ ಊರುಗಳ ಮೇಲೆ ಕಟ್ಟಡಗಳು ಏಳುತ್ತಲೇ ಇವೆ. ಪಾಯ ತೆಗೆಯುವಾಗ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಕೆತ್ತನೆಯ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ, ಕಾಂಕ್ರೀಟಿನೊಳಗೆ ಹೂಳಬೇಡಿ. ಒಂದು ಫೋಟೊ ತೆಗೆದು, ಜಾಗ ಗುರುತು ಹಾಕಿ, ಪುರಾತತ್ವ ಇಲಾಖೆಗೆ ತಿಳಿಸಿ.