ಗಡ್ಡೆಗೆ ಬರೆ: ಶಾಖ ಚಿಕಿತ್ಸೆಯ ಕಾಗದದ ಚರಿತ್ರೆ

ನಾನು ಹಾನಗಲ್ ತಾಲ್ಲೂಕಿನ ತಿಳವಳ್ಳಿಯವನು. ನಮ್ಮೂರ ಶಾಂತೇಶ್ವರ ಗುಡಿ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇವತ್ತಿನ ವಿಷಯ ಬೆಂಕಿ.

ನಮ್ಮ ಕಡೆ ಶಾಖಕ್ಕೆ ಎರಡು ಮುಖ. ಬಾಣಂತಿಗೆ, ಸೊಂಟ ಹಿಡಿದೋರಿಗೆ ಕೊಡೋದು ಕಾವು. ಕಾಮಾಲೆ ಬಂದ ಕೂಸಿಗೆ, ಹೊಟ್ಟೆ ಉಬ್ಬಿದ ಕೂಸಿಗೆ ಹಾಕೋದು ಬರೆ. ಮೊದಲನೇದು ಹಿತ. ಎರಡನೇದು ಹಿಂಸೆ, ಅದರಿಂದ ಕಾಮಾಲೆ ಹೋಗೋದಿಲ್ಲ, ಗಾಯ ಕೀವಾಗಿ ಕೂಸಿನ ಜೀವಕ್ಕೇ ಕುತ್ತು ಬರಬಹುದು. ಇದನ್ನ ಮೊದಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಯಕೃತ್ತಿನ ಗಡ್ಡೆಗೆ ಸೂಜಿ ಚುಚ್ಚಿ, ಒಳಗಿಂದಲೇ ಅದನ್ನ ಸುಡ್ತಾರೆ. ಇದನ್ನ ಕೇಳಿದ ಕೂಡಲೇ ನಮ್ಮೂರ ಹಿರಿಯರು ‘ಇದೂ ಬರೇನೇ ಅಲ್ಲೇನಪಾ?’ ಅಂತಾರೆ. ಒಳ್ಳೇ ಪ್ರಶ್ನೆ. ಆದ್ರೆ ಇಲ್ಲಿ ಎಷ್ಟು ಡಿಗ್ರಿ, ಎಷ್ಟು ನಿಮಿಷ, ಎಷ್ಟು ಜನ ಬದುಕಿದರು ಅನ್ನೋದನ್ನ ಒಬ್ಬರು ಬರೆದು ಅಚ್ಚು ಹಾಕಿಸ್ತಾರೆ. ಇನ್ನೊಬ್ಬರು ಎಲ್ಲೋ ದೂರದಲ್ಲಿ ಅದನ್ನೇ ಮತ್ತೆ ಮಾಡಿ ನೋಡ್ತಾರೆ. ಆ ಕಾಗದಗಳ ಕಥೆಯನ್ನೇ ಇವತ್ತು ಹೇಳ್ತೀನಿ.

ಬರೆದಿಡೋ ಚಾಳಿ ನಮ್ಮಲ್ಲೂ ಹಳೇದೇ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮಕ್ಕೆ ಒಂದು ಅಧ್ಯಾಯವೇ ಇದೆ. ಯಾವ ಸಲಾಕೆ, ಯಾವ ಋತು, ಯಾವ ರೋಗ ಅಂತ ವಿವರವಾಗಿದೆ. ಗಂಟು, ಅರ್ಬುದಗಳ ಹೆಸರೂ ಬರುತ್ತೆ. ನನಗೆ ಬಹಳ ಹಿಡಿಸಿದ್ದು ಅಲ್ಲಿನ ಸುಟ್ಟ ಗಾಯದ ವಿಂಗಡಣೆ: ಸರಿಯಾಗಿ ಸುಟ್ಟಿದ್ದು, ಅರೆಬರೆ ಸುಟ್ಟಿದ್ದು, ಅತಿಯಾಗಿ ಸುಟ್ಟಿದ್ದು. ಇವತ್ತಿನ ರೇಡಿಯಾಲಜಿ ಡಾಕ್ಟರ್‌ಗಳ ತಲೆಬಿಸಿಯೂ ಇದೇ.

ಅಲ್ಲಿಂದ ನೇರ 1866ಕ್ಕೆ ಜಿಗಿಯೋಣ, ಜರ್ಮನಿಯ ಬಾನ್ ಊರಿಗೆ. ವಿಲ್ಹೆಲ್ಮ್ ಬುಷ್ ಅನ್ನೋ ಸರ್ಜನ್ ಒಂದು ವಿಚಿತ್ರ ಕೇಸ್ ಪ್ರಕಟಿಸಿದ. ಮುಖದ ಮೇಲೆ ಗಡ್ಡೆ ಇದ್ದ ಹೆಂಗಸಿಗೆ ಸರ್ಪಸುತ್ತಿನ ಹಾಗೆ ಚರ್ಮ ಕೆಂಪಾಗೋ ಎರಿಸಿಪೆಲಸ್ ಸೋಂಕು ತಗುಲಿ, ಜೋರು ಜ್ವರ ಬಂತು. ಜ್ವರ ಇಳಿಯೋ ಹೊತ್ತಿಗೆ ಗಡ್ಡೆಯೂ ಇಲ್ಲ! ನ್ಯೂಯಾರ್ಕಿನ ವಿಲಿಯಂ ಕೋಲಿ 1890ರ ದಶಕದಲ್ಲಿ ಇಂಥ ಕೇಸುಗಳ ಬೆನ್ನು ಹತ್ತಿ, ರೋಗಿಗಳಿಗೆ ಬೇಕಂತಲೇ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿದ. ಕೆಲವರ ಗಡ್ಡೆ ಕರಗಿತು, ಕೆಲವರು ಸೋಂಕಿನಿಂದಲೇ ಸತ್ತರು. ಗಡ್ಡೆ ಕರಗಿಸಿದ್ದು ಬಿಸಿಯೋ, ದೇಹದ ರೋಗನಿರೋಧಕ ಶಕ್ತಿಯೋ ಅನ್ನೋ ಜಗಳ ಆಮೇಲೆ ದಶಕಗಟ್ಟಲೆ ನಡೀತು.

ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ದಾರ್ಸೊನ್ವಾಲ್ ಇನ್ನೊಂದು ದಾರಿ ತೆರೆದ. ಸೆಕೆಂಡಿಗೆ ಹತ್ತು ಸಾವಿರ ಸಲಕ್ಕಿಂತ ವೇಗವಾಗಿ ದಿಕ್ಕು ಬದಲಿಸೋ ಕರೆಂಟ್ ಮೈಯಲ್ಲಿ ಹರಿದರೆ ಶಾಕ್ ಹೊಡೆಯೋದಿಲ್ಲ, ಬಿಸಿ ಮಾತ್ರ ಆಗುತ್ತೆ ಅಂತ 1891ರಲ್ಲಿ ತೋರಿಸಿದ. 1926ರ ಅಕ್ಟೋಬರ್ 1ರಂದು ಬಾಸ್ಟನ್‌ನಲ್ಲಿ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ಕಟ್ಟಿದ ಯಂತ್ರವನ್ನ ಆಪರೇಷನ್‌ನಲ್ಲಿ ಬಳಸಿದ. ನಮ್ಮ ಥಿಯೇಟರ್‌ಗಳಲ್ಲಿ ‘ಕಾಟರಿ ಕೊಡಿ’ ಅಂತ ಕೇಳ್ತಾರಲ್ಲ, ಅದು ಆ ವಂಶದ್ದೇ.

ಈಗ ಕಾಗದದ ಕಡೆ ಬರೋಣ. 1975ರಲ್ಲಿ ವಾಷಿಂಗ್ಟನ್‌ನಲ್ಲಿ ಶಾಖ ಮತ್ತು ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ ಅಂತ ಅಂತರರಾಷ್ಟ್ರೀಯ ಸಭೆ ನಡೀತು. ಆಮೇಲಿನ ಹತ್ತು ವರ್ಷ ಹೈಪರ್‌ಥರ್ಮಿಯಾದ ಸುಗ್ಗಿ. 1984ರಲ್ಲಿ ಸಪಾರೆಟೊ ಮತ್ತು ಡ್ಯೂಯಿ ಒಂದು ಲೆಕ್ಕ ಕೊಟ್ಟರು: ಯಾವ ಬಿಸಿಯನ್ನಾದರೂ ‘43 ಡಿಗ್ರಿಯಲ್ಲಿ ಎಷ್ಟು ನಿಮಿಷಕ್ಕೆ ಸಮ’ ಅಂತ ಅಳೆಯೋ ಲೆಕ್ಕ. 43ರ ಮೇಲೆ ಒಂದೊಂದು ಡಿಗ್ರಿ ಏರಿದರೂ ಬೇಕಾಗೋ ಸಮಯ ಅರ್ಧಕ್ಕೆ ಇಳಿಯುತ್ತೆ. ಮರುವರ್ಷ, 1985ರಲ್ಲಿ, ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಹೈಪರ್‌ಥರ್ಮಿಯಾ’ ಶುರುವಾಯ್ತು. ಒಂದು ವಿದ್ಯೆಗೆ ಅದರದೇ ಪತ್ರಿಕೆ ಬಂತು ಅಂದ್ರೆ ಅದಕ್ಕೆ ಸ್ವಂತ ಮನೆ ಆದ ಹಾಗೆ.

ಮನೆ ಕಟ್ಟಿದ ಹೊತ್ತಿಗೇ ಬಿರುಕು ಬಿಟ್ಟಿತು. ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ವಿಕಿರಣಕ್ಕೆ ಶಾಖ ಸೇರಿಸಿದರೆ ಒಟ್ಟಾರೆ ಲಾಭ ಕಾಣಲಿಲ್ಲ. ಕಾರಣ ಹುಡುಕಿದಾಗ ಗೊತ್ತಾಗಿದ್ದು, ಬಹಳ ಗಡ್ಡೆಗಳು ಸರಿಯಾಗಿ ಬಿಸಿಯೇ ಆಗಿರಲಿಲ್ಲ. ಹಂಚಿನ ಉರಿ ಒಂದೇ ಕಡೆ ಇದ್ರೆ ರೊಟ್ಟಿ ಅರ್ಧ ಹಸಿ ಉಳಿಯುತ್ತಲ್ಲ, ಹಾಗೆ. ಆದ್ರೆ ಸುದ್ದಿ ಹಬ್ಬಿದ್ದು ‘ಶಾಖ ಕೆಲಸ ಮಾಡಲ್ಲ’ ಅಂತ.

1990ರಲ್ಲಿ ಮತ್ತೊಂದು ತಿರುವು. ಅಮೆರಿಕದಲ್ಲಿ ಮೆಕ್‌ಗ್ಯಾಹನ್ ತಂಡ, ಇಟಲಿಯಲ್ಲಿ ರೊಸ್ಸಿ ತಂಡ ಬೇರೆಬೇರೆಯಾಗಿ ಒಂದೇ ಮಾತು ಪ್ರಕಟಿಸಿದವು: ಸಣ್ಣ ಸೂಜಿ, ಅಲ್ಟ್ರಾಸೌಂಡ್ ಕಣ್ಣು, ರೇಡಿಯೋ ತರಂಗದ ಕರೆಂಟ್ ಇದ್ದರೆ ಪ್ರಾಣಿಯ ಯಕೃತ್ತಿನ ಒಳಗೆ ಒಂದು ಜಾಗವನ್ನ ಮಾತ್ರ ಬೇಯಿಸಬಹುದು. ಇಲ್ಲಿ 43 ಡಿಗ್ರಿ ಅಲ್ಲ, 60ರಿಂದ 100. 60 ದಾಟಿದರೆ ಜೀವಕೋಶದ ಪ್ರೋಟೀನ್ ಬೆಂದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತೆ. 100 ಮೀರಿದರೆ ಸೂಜಿ ಸುತ್ತ ಕರಕಲಾಗಿ ಕರೆಂಟ್ ಮುಂದೆ ಹೋಗೋದೇ ಇಲ್ಲ. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಅದು ಕಾಲುವೆ ಹಾಗೆ ಬಿಸಿಯನ್ನ ಹೊತ್ತುಕೊಂಡು ಹೋಗಿ, ಅಂಚಿನಲ್ಲಿ ಗಡ್ಡೆ ಉಳಿದುಬಿಡುತ್ತೆ. ಅದಕ್ಕೇ ಈ ಸೂಜಿ ಚೆನ್ನಾಗಿ ಕೆಲಸ ಮಾಡೋದು ಸುಮಾರು 3 ಸೆಂಟಿಮೀಟರ್ ಒಳಗಿನ ಗಡ್ಡೆಗಳಿಗೆ.

ಆಮೇಲೆ ಪ್ರಬಂಧಗಳ ಹೊಳೆ. ಮೈಕ್ರೋವೇವ್ ಬಂತು. ಚೀನಾದ ಚೊಂಗ್‌ಕಿಂಗ್‌ನಿಂದ ಅಲ್ಟ್ರಾಸೌಂಡ್ ಕಿರಣದಿಂದಲೇ ಸುಡೋ ಕೆಲಸದ ವರದಿಗಳು ಬಂದವು. ‘ಹೈಪರ್‌ಥರ್ಮಿಯಾ’ ಅನ್ನೋ ಹಳೇ ಪದವನ್ನ ‘ಅಬ್ಲೇಶನ್’ ಅನ್ನೋ ಹೊಸ ಪದ ಪಕ್ಕಕ್ಕೆ ತಳ್ಳಿತು. ಒಬ್ಬೊಬ್ಬ ಡಾಕ್ಟರ್ ಒಂದೊಂದು ಭಾಷೆಯಲ್ಲಿ ‘ಯಶಸ್ಸು’ ಅಂತ ಬರೀತಿದ್ದರಿಂದ, 2005ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಯಾವ ಪದಕ್ಕೆ ಯಾವ ಅರ್ಥ, ಏನೇನು ವರದಿ ಮಾಡಲೇಬೇಕು ಅಂತ ಒಂದು ಒಪ್ಪಂದವನ್ನೇ ಅಚ್ಚು ಹಾಕಬೇಕಾಯ್ತು. ನನ್ನ ಪ್ರಕಾರ ಹೊಸ ಯಂತ್ರಗಳಿಗಿಂತ ಇದು ದೊಡ್ಡ ಕೆಲಸ.

ನಮ್ಮ ಕರ್ನಾಟಕ ಎಲ್ಲಿತ್ತು ಅಂತೀರಾ? ಮಣಿಪಾಲದಲ್ಲಿ! ಅಲ್ಲಿನ ಕಸ್ತೂರಬಾ ಮೆಡಿಕಲ್ ಕಾಲೇಜಿನ ರೇಡಿಯೋಬಯಾಲಜಿ ವಿಭಾಗದಲ್ಲಿ ಪಿ. ಉಮಾದೇವಿ ಮತ್ತವರ ತಂಡ ನಮ್ಮ ಅಶ್ವಗಂಧವನ್ನ ಹಿಡಿದುಕೊಂಡು ಕೂತಿತ್ತು. ಇಲಿಯ ಗಡ್ಡೆಯ ಮೇಲೆ ಅಶ್ವಗಂಧದ ಬೇರಿನ ಸಾರದ ಪರಿಣಾಮ, ವಿಕಿರಣದ ಜೊತೆ ಸೇರಿದರೆ ಏನಾಗುತ್ತೆ ಅನ್ನೋದು 1993ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿ’ಯಲ್ಲಿ ಬಂತು. ಆಮೇಲೆ ಆ ಸಾರದಲ್ಲಿರೋ ವಿದಾಫೆರಿನ್-ಎ ಅನ್ನೋ ಒಂದೇ ಅಂಶವನ್ನ ಬೇರ್ಪಡಿಸಿ ನೋಡಿದರು. 2003ರಲ್ಲಿ ಜಪಾನಿನ ‘ಜರ್ನಲ್ ಆಫ್ ರೇಡಿಯೇಶನ್ ರಿಸರ್ಚ್’ನಲ್ಲಿ ಬಂದ ಪ್ರಬಂಧದಲ್ಲಿ ಮೂರೂ ಒಟ್ಟಿಗಿವೆ: ವಿದಾಫೆರಿನ್, ವಿಕಿರಣ, 43 ಡಿಗ್ರಿ ಶಾಖ. ಮೂರೂ ಸೇರಿದಾಗ ಇಲಿಗಳ ಗಡ್ಡೆ ಹೆಚ್ಚು ಕುಗ್ಗಿತು.

ಇಲ್ಲಿ ಸ್ವಲ್ಪ ನಿಲ್ಲಿ. ‘ಅಶ್ವಗಂಧದಿಂದ ಕ್ಯಾನ್ಸರ್ ಮಾಯ, ವಿಜ್ಞಾನಿಗಳೇ ಹೇಳಿದ್ದಾರೆ’ ಅಂತ ಫ್ಯಾಮಿಲಿ ಗ್ರೂಪಿಗೆ ಬರೋ ಮೆಸೇಜಿನ ಬೇರು ಇಂಥ ಪ್ರಬಂಧಗಳಲ್ಲೇ ಇದೆ. ಆದ್ರೆ ಪ್ರಬಂಧ ಹೇಳಿದ್ದು ಇಲಿ ಬಗ್ಗೆ. ದೊಡ್ಡ ಪ್ರಮಾಣದಲ್ಲಿ ಚುಚ್ಚಿದ ಮದ್ದು, ಅದರ ಜೊತೆ ವಿಕಿರಣ, ಅದರ ಜೊತೆ ಅಳೆದ ಶಾಖ. ಹಾಲಲ್ಲಿ ಕಲಸಿದ ಪುಡಿ ಬಗ್ಗೆ ಅಲ್ಲಿ ಒಂದು ಸಾಲೂ ಇಲ್ಲ. ಇವತ್ತಿಗೂ ಅದು ಕ್ಯಾನ್ಸರ್ ಆಸ್ಪತ್ರೆಗಳ ಮಾನ್ಯ ಚಿಕಿತ್ಸೆಯಲ್ಲಿಲ್ಲ. ಹುಬ್ಬಳ್ಳಿ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕಾದೋರು ಪುಡಿ ನಂಬಿ ಆರು ತಿಂಗಳು ಮನೆಯಲ್ಲಿ ಕೂತರೆ, 3 ಸೆಂಟಿಮೀಟರ್ ಗಡ್ಡೆ 3 ಸೆಂಟಿಮೀಟರ್ ಆಗೇ ಇರಲ್ಲ. ಆ ಮೆಸೇಜ್ ಫಾರ್ವರ್ಡ್ ಮಾಡೋ ಕಾಕಾನಿಗೆ ಇಷ್ಟು ಹೇಳಿ ಸಾಕು.

ಮನುಷ್ಯರ ಮೇಲಿನ ಪ್ರಯೋಗಗಳೂ ಒಂದೇ ಬಾಯಲ್ಲಿ ಮಾತಾಡಲ್ಲ. 2000ದಲ್ಲಿ ‘ಲ್ಯಾನ್ಸೆಟ್’ನಲ್ಲಿ ಡಚ್ಚರ ಪ್ರಯೋಗ ಬಂತು. ಗರ್ಭಕಂಠದ ಕ್ಯಾನ್ಸರ್ ಬಹಳ ಮುಂದುವರಿದ ಹೆಂಗಸರಲ್ಲಿ ವಿಕಿರಣ ಮಾತ್ರ ಕೊಟ್ಟಾಗ 3 ವರ್ಷ ಬದುಕಿದವರು ನೂರಕ್ಕೆ 27. ಶಾಖವನ್ನೂ ಸೇರಿಸಿದಾಗ 51. ಇದನ್ನ ಓದಿದ ಯಾರಾದರೂ ನಾಳೆಯಿಂದಲೇ ಶುರು ಮಾಡೋಣ ಅಂತಾರೆ. ಆದ್ರೆ 2005ರಲ್ಲಿ, ಭಾರತವೂ ಸೇರಿ ಕೆಲವು ದೇಶಗಳ 110 ರೋಗಿಗಳ ಮೇಲೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಅಲ್ಲಿ ಶಾಖದಿಂದ ಲಾಭ ಕಾಣಲಿಲ್ಲ. ಗಡ್ಡೆ ಎಷ್ಟು ದೊಡ್ಡದಿತ್ತು, ಯಾವ ಯಂತ್ರ, ನಿಜವಾಗಿ ಎಷ್ಟು ಬಿಸಿಯಾಯ್ತು ಅನ್ನೋದರ ಮೇಲೆ ವಾದ ಇನ್ನೂ ನಡೀತಿದೆ. ಹೊಡೆದ ಸಿಕ್ಸರ್ ಮಾತ್ರ ಸ್ಟೇಟಸ್‌ಗೆ ಹಾಕೋ ಹಾಗೆ, ಗೆದ್ದ ಪ್ರಯೋಗವನ್ನ ಎಲ್ಲರೂ ಉಲ್ಲೇಖಿಸ್ತಾರೆ. ಸೋತದ್ದನ್ನ ಹುಡುಕಿ ಓದಬೇಕು. 2005ರ ಆ ಪ್ರಬಂಧ ಅಚ್ಚಾಯ್ತಲ್ಲ, ಅದಕ್ಕೆ ಬರೆದವರಿಗೆ ನನ್ನದೊಂದು ಸಲಾಂ.

ಅದೇ ಗರ್ಭಕಂಠಕ್ಕೆ ಇನ್ನೊಂದು ಶಾಖ ಚಿಕಿತ್ಸೆ ಇದೆ, ಇದು ನಮ್ಮಂಥ ಊರುಗಳಿಗೆ ಹತ್ತಿರದ್ದು. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಸೆಮ್ ಒಂದು ಸಾಧನ ಮಾಡಿದ. ಅದಕ್ಕಿಟ್ಟ ಹೆಸರು ‘ಕೋಲ್ಡ್ ಕೋಆಗ್ಯುಲೇಟರ್’. ಹೆಸರಲ್ಲಿ ತಣ್ಣಗೆ, ಕೆಲಸ 100 ಡಿಗ್ರಿಯದು! ಕ್ಯಾನ್ಸರ್ ಆಗೋದಕ್ಕೆ ಮುಂಚಿನ ಹಂತದ ಜೀವಕೋಶಗಳನ್ನ ಅರ್ಧ ನಿಮಿಷದ ಆಸುಪಾಸಿನಲ್ಲಿ ಸುಡೋದು. ದಶಕಗಳ ಕಾಲ ಯುರೋಪಿನ ಕೆಲವು ಕ್ಲಿನಿಕ್‌ಗಳ ವರದಿಗಳಲ್ಲಿ ಮೂಲೆಗೆ ಬಿದ್ದಿದ್ದ ಇದನ್ನ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯಾಗಿ ಹೊರಡಿಸಿತು. ಕಾರಣ ಸರಳ. ಈಗಿನ ಯಂತ್ರ ಕೈಯಲ್ಲಿ ಹಿಡಿಯೋ ಅಷ್ಟು ಸಣ್ಣದು, ಬ್ಯಾಟರಿಯಲ್ಲಿ ನಡೆಯುತ್ತೆ. ಹಳೇ ಹೆಪ್ಪುಗಟ್ಟಿಸೋ ವಿಧಾನಕ್ಕೆ ಬೇಕಾದ ಗ್ಯಾಸ್ ಸಿಲಿಂಡರ್ ಹೊರಬೇಕಿಲ್ಲ.

ಆದ್ರೆ ಸುಡೋದಕ್ಕೆ ಮುಂಚೆ ನೋಡಬೇಕಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 30ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಗರ್ಭಕಂಠದ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿ ನೂರಕ್ಕೆ 70. ನಿಮ್ಮ ಅವ್ವ, ಅತ್ತಿ, ಚಿಗವ್ವ ಆ ವಯಸ್ಸಿನವರಾಗಿದ್ದರೆ ಮುಂದಿನ ಸಲ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ಈ ಪರೀಕ್ಷೆ ಎಲ್ಲಿ ಮಾಡ್ತಾರಕ್ಕಾ?’ ಅಂತ ಕೇಳಿ. ನಾಚಿಕೊಂಡು ಅವ್ವ ಕೇಳದಿದ್ದರೆ ನೀವೇ ಕೇಳಿ.

ಇನ್ನೊಂದು ಸುದ್ದಿ ಹೇಳಿ ಬಿಡ್ತೀನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿ ಅತಿಸಣ್ಣ ಕಣಗಳನ್ನ ಮಾಡಿದ್ದಾರೆ. ಬೆಳಕು ಬಿದ್ದರೆ ಕಣ ಬಿಸಿಯಾಗಿ ಕ್ಯಾನ್ಸರ್ ಕೋಶವನ್ನ ಸುಡುತ್ತೆ, ಜೊತೆಗೆ ಹೊರಡೋ ಶಬ್ದದ ಅಲೆಯಿಂದ ಗಡ್ಡೆ ಎಲ್ಲಿದೆ ಅಂತಲೂ ಪತ್ತೆ ಮಾಡಬಹುದು. ಸದ್ಯಕ್ಕೆ ಇದು ಲ್ಯಾಬಿನೊಳಗಿನ ಮಾತು. ಶಾಖದ ಆ ಹಳೇ ಜರ್ನಲ್ ಈಗ ಎಲ್ಲರಿಗೂ ಪುಕ್ಕಟೆ ಓದೋಕೆ ಸಿಗುತ್ತೆ. ಇಂಗ್ಲಿಷ್ ಕಷ್ಟ ಆದ್ರೂ ಸಾರಾಂಶದಲ್ಲಿ ‘ಮೈಸ್’ ಅಂತ ಇದೆಯೋ ‘ಪೇಶಂಟ್ಸ್’ ಅಂತ ಇದೆಯೋ ನೋಡಿಕೊಳ್ಳಿ. ಮುಂದಿನ ವಾರ ಸಿಗೋಣ, ಶಾಂತೇಶ್ವರ ಗುಡಿ ಕಥೆ ಜೊತೆ.