ನಮ್ಮದೇ ರಸ್ತೆಯ ಗಡಿ ಊರು: ನಿಪ್ಪಾಣಿ

ಸತ್ತೂರಿನವರಿಗೆ ಪಿ.ಬಿ. ರಸ್ತೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಹುಬ್ಬಳ್ಳಿ, ನಡುವೆ ನಾವು. ಈಗ ದೂರದ ಲಾರಿಗಳೆಲ್ಲ ಬೈಪಾಸ್ ಹಿಡಿದಿವೆ, ಇಲ್ಲಿ ಚಿಗರಿ ಬಸ್ಸುಗಳು ಓಡಾಡುತ್ತವೆ. ಆದರೆ ಈ ರಸ್ತೆಯ ಪೂರ್ತಿ ಹೆಸರು ಪುಣೆ–ಬೆಂಗಳೂರು ರಸ್ತೆ. ಇದನ್ನೇ ಹಿಡಿದು ಧಾರವಾಡ, ಬೆಳಗಾವಿ ದಾಟಿ ಸುಮಾರು 150 ಕಿ.ಮೀ. ಹೋದರೆ ನಿಪ್ಪಾಣಿ ಸಿಗುತ್ತದೆ. ಈ ರಸ್ತೆಯ ಮೇಲೆ ಕರ್ನಾಟಕದ ಕೊನೆಯ ದೊಡ್ಡ ಪೇಟೆ ಅದು.

ಬಿ.ಇ. ಮುಗಿಸಿ ಪುಣೆಯಲ್ಲಿ ನೌಕರಿಗೆ ಸೇರಿದ ಮೇಲೆ ಹಬ್ಬ ಹುಣ್ಣಿಮೆಗೆಂದು ಊರಿಗೆ ಬರುವಾಗೆಲ್ಲ ನಾನು ನಿಪ್ಪಾಣಿಯನ್ನು ದಾಟುತ್ತೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಆ ಊರಿನ ಬಗ್ಗೆ ಬರೆಯಲು ಒಂದು ಕಾರಣವಿದೆ. ಗಡಿ ಎಂದೊಡನೆ ನಮಗೆ ನೆನಪಾಗುವುದು ಭಾಷೆಯ ಜಗಳ. ಗಡಿಯಲ್ಲಿ ಬಾಳುವವರು ಏನು ಬೆಳೆದರು, ಯಾರಿಗೆ ಮಾರಿದರು, ಅವರ ದುಡಿಮೆಗೆ ಎಷ್ಟು ಬೆಲೆ ಬಂತು ಎಂದು ಯಾರೂ ಕೇಳುವುದಿಲ್ಲ.

ಮೊದಲು ಗಡಿಯ ವಿಷಯವನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಿಪ್ಪಾಣಿ ಸಿದ್ಧೋಜಿರಾವ್ ನಿಂಬಾಳಕರ ಎಂಬ ದೇಸಾಯಿಯ ಕೈಯಲ್ಲಿತ್ತು. ಆಮೇಲೆ ಬ್ರಿಟಿಷರದಾಗಿ, ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿತು. ಪಕ್ಕದ ಕಾಗಲ್ ಕೊಲ್ಹಾಪುರ ಸಂಸ್ಥಾನದ್ದು. ಅಂದರೆ ಊರ ಹೊರಗೆ ಆಗಲೇ ಒಂದು ಗೆರೆ ಇತ್ತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಆ ಗೆರೆ ಬರೀ ಜಿಲ್ಲೆಗಳ ನಡುವಿನ ಗೆರೆಯಾಯಿತು. ಏಳೇ ವರ್ಷ. 1956ರ ನವೆಂಬರ್ 1ರಂದು ನಮ್ಮ ಧಾರವಾಡದ ಜೊತೆ ಬೆಳಗಾವಿ ಜಿಲ್ಲೆಯೂ ಮೈಸೂರು ರಾಜ್ಯಕ್ಕೆ ಬಂತು, ಹಳೆಯ ಗೆರೆ ಈಗ ರಾಜ್ಯದ ಗಡಿಯಾಗಿ ಮರಳಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಇಲ್ಲೇ ಉಳಿಯಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂಬುದು ಅದರ ಶಿಫಾರಸು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. ನಿಪ್ಪಾಣಿ ಇದ್ದಲ್ಲೇ ಉಳಿಯಿತು.

ಆದರೆ ಜನರ ದಿನದ ಬದುಕು ಈ ಗೆರೆಯನ್ನು ಕೇಳಿ ನಡೆಯಲಿಲ್ಲ. ನಿಪ್ಪಾಣಿಯ ಹೆಸರಾಂತ ದೇವಚಂದ ಕಾಲೇಜು ಇರುವುದು ಅರ್ಜುನನಗರದಲ್ಲಿ. ಅದು ಮಹಾರಾಷ್ಟ್ರದ ಕಾಗಲ್ ತಾಲೂಕು. ಕಾಲೇಜು ಸೇರಿರುವುದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ. ಮನೆ ಒಂದು ರಾಜ್ಯದಲ್ಲಿ, ಪದವಿ ಇನ್ನೊಂದು ರಾಜ್ಯದ್ದು. ಪೇಟೆಯಲ್ಲಿ ಮರಾಠಿ ಹೆಚ್ಚು, ಕನ್ನಡವೂ ಇದೆ, ವ್ಯಾಪಾರ ಎರಡರಲ್ಲೂ ನಡೆಯುತ್ತದೆ. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಸಮ್ಮೇಳನ ಡಾ. ಅಂಬೇಡ್ಕರರ ನೇತೃತ್ವದಲ್ಲಿ ನಡೆದದ್ದು ಇದೇ ಊರಿನಲ್ಲಿ.

ಈ ಊರನ್ನು ಬೆಳೆಸಿದ್ದು ತಂಬಾಕು. ವೇದಗಂಗಾ, ದೂಧಗಂಗಾ ನದಿಗಳ ಸುತ್ತಿನ ಕಪ್ಪು ನೆಲ ಬೀಡಿ ತಂಬಾಕಿಗೆ ಹೇಳಿ ಮಾಡಿಸಿದಂಥದ್ದು. ದೇಶದಲ್ಲಿ ಬೀಡಿ ತಂಬಾಕಿಗೆ ಎರಡು ಹೆಸರು ದೊಡ್ಡವು: ಗುಜರಾತಿನ ಚರೋತರ ಮತ್ತು ನಮ್ಮ ನಿಪ್ಪಾಣಿ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಅಲ್ಲಿರುವುದೂ ಈ ಬೆಳೆಯಿಂದಾಗಿಯೇ. ಮಳೆಗಾಲದಲ್ಲಿ ಸಸಿ ನೆಟ್ಟು, ಕುಡಿ ಚಿವುಟಿ, ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ದು ಬಿಸಿಲಿಗೆ ಒಣಗಿಸುತ್ತಾರೆ. ಇಷ್ಟೆಲ್ಲ ರೈತನ ಕೈಯಲ್ಲಿದೆ, ದರ ಮಾತ್ರ ವ್ಯಾಪಾರಿಯ ಕೈಯಲ್ಲಿ. ಜೋಳವಾದರೆ ಮಾರದಿದ್ದರೂ ಮನೆಯಲ್ಲಿ ರೊಟ್ಟಿಯಾದೀತು. ತಂಬಾಕನ್ನು ಉಣ್ಣಲಾಗದು, ಬಹಳ ದಿನ ಇಟ್ಟುಕೊಂಡು ಕೂರಲೂ ಆಗದು. ಮುಂಗಡ ಪಡೆದವನಂತೂ ಹೇಳಿದ ದರಕ್ಕೆ ಕೊಡಲೇಬೇಕು.

ಹೊಲದಿಂದ ತಂಬಾಕು ಹೋಗುವುದು ಪೇಟೆಯ ವಖಾರಿಗೆ. ಅಲ್ಲಿ ಕಡ್ಡಿ ಬೇರ್ಪಡಿಸಿ, ಕುಟ್ಟಿ, ಜರಡಿ ಹಿಡಿದು, ದರ್ಜೆ ಮಾಡುವ ಕೆಲಸ ಹೆಂಗಸರದು. ಪುಣೆಯ ನನ್ನ ಸಹೋದ್ಯೋಗಿಯೊಬ್ಬರು ನಿಪ್ಪಾಣಿ ಕಡೆಯವರು. ಅವರ ಅಜ್ಜಿ ವಖಾರಿನಲ್ಲಿ ದುಡಿದವರು. ಸಂಜೆ ಮನೆಗೆ ಬಂದರೆ ಮೈತೊಳೆದು ಸೀರೆ ಬದಲಿಸುವ ತನಕ ಮೊಮ್ಮಕ್ಕಳನ್ನು ಹತ್ತಿರ ಬರಗೊಡುತ್ತಿರಲಿಲ್ಲವಂತೆ. ತಂಬಾಕಿನ ಘಾಟು ಮಕ್ಕಳಿಗೆ ತಾಕಬಾರದೆಂದು. ಆ ದೂಳನ್ನು ಅವರು ದಿನವಿಡೀ ಉಸಿರಾಡುತ್ತಿದ್ದರು. ಇಂಥ ಹೆಂಗಸರು 1970ರ ದಶಕದ ಕೊನೆಗೆ ಸಂಘ ಕಟ್ಟಿಕೊಂಡು ಕೂಲಿಗಾಗಿ, ಮರ್ಯಾದೆಗಾಗಿ ಮುಷ್ಕರಕ್ಕಿಳಿದರು. ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ್ ತಂಡ 1982ರಲ್ಲಿ ಇವರನ್ನೇ ಕುರಿತು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು.

ಹೆಂಗಸರ ನಂತರ ರೈತರ ಸರದಿ. 1981ರ ಮಾರ್ಚ್ 14ರಂದು ತಂಬಾಕು ಬೆಳೆಗಾರರು ಯೋಗ್ಯ ದರ ಕೇಳಿ ನಿಪ್ಪಾಣಿಯ ಬಳಿ ಹೆದ್ದಾರಿಯ ಮೇಲೆಯೇ ಕುಳಿತರು. ಶೇತಕರಿ ಸಂಘಟನೆಯ ಶರದ್ ಜೋಶಿ, ನಿಪ್ಪಾಣಿಯ ಪ್ರೊ. ಸುಭಾಷ ಜೋಶಿ ಮುಂದಾಳುಗಳು. ಮೂರು ವಾರಕ್ಕೂ ಮಿಕ್ಕಿ ಪುಣೆ–ಬೆಂಗಳೂರು ರಸ್ತೆ ಅಲ್ಲಿ ನಿಂತುಹೋಯಿತು. ಮರಾಠಿ ಮಾತಾಡುವವರು, ಕನ್ನಡ ಮಾತಾಡುವವರು, ಹೆಂಗಸರು, ಮಕ್ಕಳು ಎಲ್ಲರೂ ಬುತ್ತಿ ಕಟ್ಟಿಕೊಂಡು ಬಂದು ಕೂತರು. ಏಪ್ರಿಲ್ 6ರಂದು ಪೊಲೀಸರು ಅವರನ್ನು ಎಬ್ಬಿಸಿದರು. ಗೋಲಿಬಾರಿನಲ್ಲಿ 12 ರೈತರು ಪ್ರಾಣ ಬಿಟ್ಟರು. ನಮ್ಮದೇ ಅಂದಿನ ಧಾರವಾಡ ಜಿಲ್ಲೆಯ ನವಲಗುಂದ, ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿ ಆಗ ವರ್ಷವೂ ತುಂಬಿರಲಿಲ್ಲ. ಅದು 1980ರ ಜುಲೈ. ನವಲಗುಂದದ ಕಥೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ನಿಪ್ಪಾಣಿಯದನ್ನು ನಾನು ಇಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಒಂದೇ ರಸ್ತೆಯ ಮೇಲಿನ ಊರು, ಆದರೂ ನಾವು ಅದನ್ನು ಗಡಿ ತಂಟೆಯ ಊರೆಂದಷ್ಟೇ ಬಲ್ಲೆವು.

ನನಗೆ ಮುಖ್ಯವೆನಿಸುವುದು ಇದು. ಎರಡು ರಾಜ್ಯಗಳು ನಿಪ್ಪಾಣಿ ಯಾರದು ಎಂದು ವಾದಿಸುತ್ತಿದ್ದವು, ಅಲ್ಲಿಯ ಜನ ತಂಬಾಕಿಗೆ ಎಷ್ಟು ಎಂದು ಕೇಳುತ್ತಿದ್ದರು. ಮೊದಲನೆಯ ಪ್ರಶ್ನೆಗೆ ಆಯೋಗ ಬಂತು, ವರದಿ ಬಂತು, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆಯೂ ಇದೆ. ಎರಡನೆಯ ಪ್ರಶ್ನೆ ಕೇಳಲು ಅವರು ರಸ್ತೆಯ ಮೇಲೆ ಕೂರಬೇಕಾಯಿತು. ಮತ್ತು ಹಾಗೆ ಕೂತಾಗ ಪಕ್ಕದವನ ಭಾಷೆ ಯಾವುದೆಂದು ಯಾರೂ ವಿಚಾರಿಸಲಿಲ್ಲ.

ಈಗ ಅಲ್ಲಿ ಕಬ್ಬು, ಸೋಯಾ ಹೆಚ್ಚಾಗಿವೆ. ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿಯಿಂದ ಬೇರೆಯಾಗಿ ನಿಪ್ಪಾಣಿ ತಾಲೂಕು ಕೇಂದ್ರವಾಗಿದೆ. ತಂಬಾಕು ಆರೋಗ್ಯಕ್ಕೆ ಹಾನಿ ಎಂಬುದರಲ್ಲಿ ಎರಡು ಮಾತಿಲ್ಲ, ಅದು ಕಡಿಮೆಯಾಗುವುದು ಒಳ್ಳೆಯದೇ. ಕಬ್ಬಿಗೆ ನೀರಿರುವ ರೈತ ಹೇಗೋ ಬೆಳೆ ಬದಲಿಸಿಯಾನು. ಹೊಲವಿಲ್ಲದೆ ವಖಾರಿನ ಕೂಲಿಯನ್ನೇ ನಂಬಿದ್ದ ಹೆಂಗಸು ಏನನ್ನು ಬದಲಿಸಬೇಕು?

ನಮ್ಮ ಸತ್ತೂರೂ ಸಣ್ಣ ಪ್ರಮಾಣದಲ್ಲಿ ಗಡಿ ಊರೇ. ಪಾಲಿಕೆಯ ಲೆಕ್ಕದಲ್ಲಿ ನಗರ, ಹಿರಿಯರ ಮಾತಿನಲ್ಲಿ ಇನ್ನೂ ಹಳ್ಳಿ. 1986ರಲ್ಲಿ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜು, 2003ರಲ್ಲಿ ವೈದ್ಯಕೀಯ ಕಾಲೇಜು ಬಂದವು, ಸುತ್ತಲಿನ ಹೊಲಗಳು ಪ್ಲಾಟುಗಳಾಗುತ್ತ ಹೋದವು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರು ಆಮೇಲೆ ಎಲ್ಲಿ ದುಡಿದರು, ಎಷ್ಟಕ್ಕೆ ದುಡಿದರು ಎಂಬ ಲೆಕ್ಕ ಯಾವ ದಾಖಲೆಯಲ್ಲೂ ಸುಲಭಕ್ಕೆ ಸಿಗದು. ಅದು ಇರುವುದು ನಮ್ಮ ಅಜ್ಜಿಯರ ನೆನಪಿನಲ್ಲಿ. ಶಾಲೆಯ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಒಂದೊಂದು ನೋಟ್‌ಬುಕ್ ಹಿಡಿದು ಅವರನ್ನು ಕೇಳಿ ಬರೆದುಕೊಳ್ಳಲಿ ಎಂಬುದು ಹಳೆಯ ವಿದ್ಯಾರ್ಥಿಯಾದ ನನ್ನ ವಿನಂತಿ. ಅವನ್ನು ಟೈಪ್ ಮಾಡಿ, ಜೋಡಿಸಿ, ಶಾಲೆಯ ಗ್ರಂಥಾಲಯದಲ್ಲಿ ಇಡುವಂತೆ ಮಾಡುವ ಕೆಲಸ ನನಗಿರಲಿ.